ಊರಿಗೆ ಹೋಗುವ ಟಿಕೆಟ್‌ಗಾಗಿ ಕಾರ್ಡ್ ಬೋನಸ್: ಅಮೆರಿಕದಲ್ಲಿರುವವರು ಆರಿಸುವುದು ಹೇಗೆ

ಅಮೆರಿಕದಲ್ಲಿ ಇಬ್ಬರು ಕನ್ನಡಿಗರು ಸಿಕ್ಕಿದರೆ ಮೂರನೇ ಮಾತಿಗೆ ಟಿಕೆಟ್ ರೇಟು ಬಂದೇ ಬರುತ್ತದೆ. ಜೂನ್‌ನಲ್ಲಿ ಮಕ್ಕಳ ಶಾಲೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಟಿಕೆಟ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ, ಡಿಸೆಂಬರ್‌ನಲ್ಲೂ ಅದೇ ಕಥೆ. ಆಗ ಯಾರಾದರೂ ಒಬ್ಬರು ‘ನಾವು ಈ ಸಲ ಪಾಯಿಂಟ್ಸ್‌ನಲ್ಲೇ ಹೋಗಿ ಬಂದ್ವಿ’ ಅಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಕ್ರೆಡಿಟ್ ಕಾರ್ಡಿನ ಅಷ್ಟೊಂದು ಪಾಯಿಂಟ್ ದಿನಸಿ, ಪೆಟ್ರೋಲಿನಿಂದ ಬರುವುದಿಲ್ಲ. ಡಾಲರಿಗೆ ಒಂದು ಪಾಯಿಂಟ್ ಅಂತ ಕೂಡಿಸುತ್ತಾ ಕೂತರೆ 75,000 ಪಾಯಿಂಟ್‌ಗೆ 75,000 ಡಾಲರ್ ಖರ್ಚು ಮಾಡಬೇಕು. ಹೊಸ ಕಾರ್ಡಿನ ಬೋನಸ್, ಅಂದರೆ ಮೊದಲ ಕೆಲವು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಬ್ಯಾಂಕ್ ಕೊಡುವ ಇನಾಮು, ಅಷ್ಟೇ ಪಾಯಿಂಟನ್ನು 4-5 ಸಾವಿರ ಡಾಲರ್ ಖರ್ಚಿಗೆ ಕೊಡುತ್ತದೆ. ಆಟ ಇರುವುದೇ ಇಲ್ಲಿ.

ಆದರೆ ಹೆಚ್ಚಿನವರು ಆರಿಸುವುದು ಉಲ್ಟಾ. ಜಾಹೀರಾತಿನಲ್ಲಿ ದೊಡ್ಡ ಸಂಖ್ಯೆ ಕಂಡ ಕೂಡಲೇ ಕಾರ್ಡ್ ತಗೋತಾರೆ, ಪಾಯಿಂಟ್ ಬಂದ ಮೇಲೆ ಇದರಿಂದ ಯಾವ ವಿಮಾನ ಹತ್ತಬಹುದು ಅಂತ ಹುಡುಕುತ್ತಾರೆ. ನೀವು ಮೊದಲು ದಾರಿ ನೋಡಿ. ಆ ದಾರಿಯ ವಿಮಾನ ಕಂಪನಿ ಯಾವುದು, ಆ ಕಂಪನಿಯ ಮೈಲು ಖಾತೆಗೆ (ಟಿಕೆಟಿಗೆ ಕೊಡಬಹುದಾದ ಅವರದೇ ಪಾಯಿಂಟನ್ನು ಮೈಲು ಅನ್ನುತ್ತಾರೆ) ಯಾವ ಬ್ಯಾಂಕಿನ ಪಾಯಿಂಟ್ ಹೋಗುತ್ತದೆ, ಆಮೇಲೆ ಕಾರ್ಡ್. ಇದೇ ಕ್ರಮ.

ಅದಕ್ಕೂ ಮುಂಚೆ ಒಂದು ಮಾತು. ಪ್ರತಿ ತಿಂಗಳೂ ಬಿಲ್ ಪೂರ್ತಿ ಕಟ್ಟುವವರಿಗೆ ಮಾತ್ರ ಇದೆಲ್ಲ. ಈ ಕಾರ್ಡುಗಳ ಬಡ್ಡಿ ವರ್ಷಕ್ಕೆ ಶೇ 20ರ ಮೇಲೇ ಇರುತ್ತದೆ, ಬಾಕಿ ಉಳಿಸಿಕೊಂಡರೆ ಬೋನಸ್ ಕೆಲವೇ ತಿಂಗಳಲ್ಲಿ ಬಡ್ಡಿಗೇ ಹೋಗುತ್ತದೆ. ಮನೆ ಕೊಳ್ಳುವ ಯೋಚನೆ ಇದ್ದರೆ ಸಾಲದ ಕೆಲಸ ಮುಗಿಯುವ ತನಕ ಹೊಸ ಕಾರ್ಡಿಗೆ ಕೈ ಹಾಕಬೇಡಿ. ಕಾರ್ಡಿಗೆ ಅರ್ಜಿ ಹಾಕಿದಾಗ ಬ್ಯಾಂಕ್ ನಡೆಸುವ ವಿಚಾರಣೆ ನಿಮ್ಮ ಕ್ರೆಡಿಟ್ ವರದಿಯಲ್ಲಿ 2 ವರ್ಷ ಕೂತಿರುತ್ತದೆ, ಸಾಲ ಕೊಡುವವರು ಅದರ ಬಗ್ಗೆ ಕೇಳಿಯೇ ಕೇಳುತ್ತಾರೆ. ಈಗಷ್ಟೇ ಬಂದ ಎಫ್-1 (ವಿದ್ಯಾರ್ಥಿ), ಎಚ್-1ಬಿ (ಉದ್ಯೋಗ) ವೀಸಾದ ಮಂದಿಗೆ ಮೊದಲ ದಿನವೇ ಈ ಕಾರ್ಡುಗಳು ಸಿಗುವುದು ಕಷ್ಟ. ಶುಲ್ಕವಿಲ್ಲದ ಸಾದಾ ಕಾರ್ಡ್ ಒಂದನ್ನು ಒಂದು ವರ್ಷ ನೆಟ್ಟಗೆ ಬಳಸಿ, ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ತಾನಾಗಿ ಬೆಳೆಯುತ್ತದೆ. ಭಾರತದ ಕ್ರೆಡಿಟ್ ಹಿಸ್ಟರಿಯನ್ನು ನೋಡಿ ಅರ್ಜಿ ಪರಿಗಣಿಸುವ ವ್ಯವಸ್ಥೆ ಅಮೆರಿಕನ್ ಎಕ್ಸ್‌ಪ್ರೆಸ್‌ನಲ್ಲಿ (ಅಮೆಕ್ಸ್) ಇದೆ. ಭಾರತದಲ್ಲಿ ಚೆನ್ನಾಗಿ ಕಾರ್ಡ್ ನಡೆಸಿದವರು ಆ ಬಾಗಿಲು ತಟ್ಟಿ ನೋಡಬಹುದು.

ಈಗ ದಾರಿ. ಬೆಂಗಳೂರಿಗೆ ಪ್ಯಾರಿಸ್‌ನಿಂದ ಏರ್ ಫ್ರಾನ್ಸ್, ಆಮ್‌ಸ್ಟರ್‌ಡ್ಯಾಮ್‌ನಿಂದ ಕೆಎಲ್‌ಎಂ ಬರುತ್ತವೆ. ಎರಡಕ್ಕೂ ಒಂದೇ ಮೈಲು ಯೋಜನೆ, ಫ್ಲೈಯಿಂಗ್ ಬ್ಲೂ. ಚೇಸ್, ಅಮೆಕ್ಸ್, ಸಿಟಿ, ಕ್ಯಾಪಿಟಲ್ ಒನ್, ಬಿಲ್ಟ್, ಈ ಐದರ ಪಾಯಿಂಟೂ ಇಲ್ಲಿಗೆ ಹೋಗುತ್ತದೆ, ಹಾಗಾಗಿ ಯಾವ ಬ್ಯಾಂಕಿನಿಂದ ಶುರು ಮಾಡಿದರೂ ನಷ್ಟವಿಲ್ಲ. 2ರಿಂದ 11 ವರ್ಷದ ಮಕ್ಕಳಿಗೆ ಮೈಲುಗಳಲ್ಲಿ ಶೇ 25 ರಿಯಾಯಿತಿಯೂ ಉಂಟು. ಮಕ್ಕಳೊಂದಿಗರಿಗೆ ನನ್ನ ಮೊದಲ ಆಯ್ಕೆ ಇದೇ.

ಎರಡನೆಯದು ಏರ್ ಕೆನಡಾದ ಮೈಲು ಯೋಜನೆ, ಏರೋಪ್ಲಾನ್. ಏರ್ ಕೆನಡಾದಲ್ಲೇ ಕೂರಬೇಕೆಂದಿಲ್ಲ. ಅದು ಸೇರಿರುವ ಸ್ಟಾರ್ ಅಲಯನ್ಸ್ ಎಂಬ ವಿಮಾನ ಕಂಪನಿಗಳ ಬಳಗದ ಲುಫ್ತಾನ್ಸಾ ಹಿಡಿದು ಫ್ರಾಂಕ್‌ಫರ್ಟ್ ಮೇಲೆ ಬೆಂಗಳೂರಿಗೆ ಬರಬಹುದು, ಏರ್ ಇಂಡಿಯಾ ಕೂಡ 2014ರಿಂದ ಅದೇ ಬಳಗ. ಏರೋಪ್ಲಾನ್ 2020ರ ನವೆಂಬರ್‌ನಿಂದ ಇಂಧನ ಸರ್‌ಚಾರ್ಜ್ ಹಾಕುತ್ತಿಲ್ಲ, ಬೇರೆ ಕಂಪನಿಯ ವಿಮಾನವಾದರೆ 39 ಕೆನಡಿಯನ್ ಡಾಲರ್ ಬುಕಿಂಗ್ ಶುಲ್ಕ ಮತ್ತು ತೆರಿಗೆ ಅಷ್ಟೇ. ಮಡಿಲಲ್ಲಿ ಕೂರುವ ಮಗುವಿಗೆ ಬಹಳ ಕಂಪನಿಗಳು ದೊಡ್ಡವರ ಟಿಕೆಟ್ ದರದ ಶೇ 10 ಕೇಳುತ್ತವೆ, ಬಿಸಿನೆಸ್ ಕ್ಲಾಸಾದರೆ ಅದೇ ನೂರಾರು ಡಾಲರ್ ಆಗುತ್ತದೆ. ಏರೋಪ್ಲಾನ್‌ನಲ್ಲಿ ಅದು 25 ಕೆನಡಿಯನ್ ಡಾಲರ್ ಅಥವಾ 2,500 ಪಾಯಿಂಟ್. ಮಗುವನ್ನು ಮೊದಲ ಸಲ ಅಜ್ಜಿ ಮನೆಗೆ ಕರೆದುಕೊಂಡು ಹೋಗುವವರು ಇದನ್ನೊಂದು ನೆನಪಿಟ್ಟುಕೊಳ್ಳಿ.

ಲಂಡನ್ ಮೇಲೆ ಬರುವ ಬ್ರಿಟಿಷ್ ಏರ್‌ವೇಸ್, ವರ್ಜಿನ್ ಅಟ್ಲಾಂಟಿಕ್ ಎರಡೂ ಬೆಂಗಳೂರಿಗೆ ಬರುತ್ತವೆ, ಪಾಯಿಂಟೂ ಸುಲಭವಾಗಿ ವರ್ಗವಾಗುತ್ತದೆ. ಆದರೆ ಮೈಲು ಕೊಟ್ಟ ಮೇಲೂ ಸರ್‌ಚಾರ್ಜ್ ಅಂತ ಕೈಯಿಂದ ದೊಡ್ಡ ಮೊತ್ತ ಕೀಳುತ್ತಾರೆ, ಬಿಸಿನೆಸ್ ಕ್ಲಾಸಿನಲ್ಲಂತೂ ಕೇಳಲೇಬೇಡಿ. ‘ಫ್ರೀ ಟಿಕೆಟ್’ ಅಂತ ಹೊರಟು ಅರ್ಧ ದುಡ್ಡು ಕೊಡುವುದು ಯಾವ ಸುಖಕ್ಕೆ? ಇನ್ನು ಎಮಿರೇಟ್ಸ್. ನಮ್ಮವರಿಗೆ ದುಬೈ ದಾರಿ ಅಚ್ಚುಮೆಚ್ಚು, ನಿಜ. ಆದರೆ 2025ರ ಅಕ್ಟೋಬರ್‌ನಲ್ಲಿ ಚೇಸ್‌ನಿಂದ ಎಮಿರೇಟ್ಸ್‌ಗೆ ಪಾಯಿಂಟ್ ಕಳಿಸುವ ದಾರಿಯೇ ಮುಚ್ಚಿತು, ಅಮೆಕ್ಸ್ ಕೂಡ ಅದೇ ವರ್ಷ ವರ್ಗಾವಣೆಯ ಪ್ರಮಾಣ ಇಳಿಸಿತು. ಒಂದೇ ಕಂಪನಿಯನ್ನು ನಂಬಿ ಪಾಯಿಂಟ್ ಗುಡ್ಡೆ ಹಾಕಿದರೆ ಹೀಗೇ ಆಗುವುದು. ಹಾಗಾಗಿಯೇ ವಿಮಾನ ಕಂಪನಿಯ ಹೆಸರಿರುವ ಕಾರ್ಡಿಗಿಂತ ಹತ್ತು ಕಡೆ ವರ್ಗಾಯಿಸಬಲ್ಲ ಬ್ಯಾಂಕ್ ಪಾಯಿಂಟಿನ ಕಾರ್ಡ್ ಮೇಲು ಅನ್ನುತ್ತೇನೆ. ವರ್ಷಕ್ಕೆ ನಾಲ್ಕಾರು ಸಲ ಒಂದೇ ಕಂಪನಿಯಲ್ಲಿ ಓಡಾಡಿ ಲಗೇಜಿಗೆ ದುಡ್ಡು ಕೊಡುವವರ ಲೆಕ್ಕ ಬೇರೆ.

ಕಾರ್ಡ್ ಬೆಲೆ ಕಟ್ಟುವುದು ಹೇಗೆ? ಒಂದು ಪಾಯಿಂಟ್‌ಗೆ ಒಂದು ಸೆಂಟ್ ಹಿಡಿದುಕೊಳ್ಳಿ, ಅದು ಕನಿಷ್ಠದ ಲೆಕ್ಕ. ಚೇಸ್ ಸಫೈರ್ ಪ್ರಿಫರ್ಡ್ ತಗೊಳ್ಳಿ. 2025ರಲ್ಲಿ ಅದರ ವಾರ್ಷಿಕ ಶುಲ್ಕ 95 ಡಾಲರ್, 3 ತಿಂಗಳಲ್ಲಿ 5,000 ಡಾಲರ್ ಖರ್ಚು ಮಾಡಿದರೆ 75,000 ಪಾಯಿಂಟ್. ಅಂದರೆ 750ರಲ್ಲಿ 95 ಕಳೆದು 655 ಡಾಲರ್, ಕಣ್ಣುಮುಚ್ಚಿ ನಗದು ಮಾಡಿಕೊಂಡರೂ ಇಷ್ಟು. ವಿಮಾನ ಕಂಪನಿಗೆ ವರ್ಗಾಯಿಸಿ ಸೀಟು ಗಿಟ್ಟಿಸಿದರೆ ಇನ್ನೂ ಜಾಸ್ತಿ. ಅಮೆಕ್ಸ್ ಪ್ಲಾಟಿನಂ ಬೋನಸ್ ಸಂಖ್ಯೆ ಇದಕ್ಕಿಂತ ದೊಡ್ಡದು, ಆದರೆ ಶುಲ್ಕ 2025ರ ಸೆಪ್ಟೆಂಬರ್‌ನಲ್ಲಿ 695ರಿಂದ 895 ಡಾಲರಿಗೆ ಏರಿದೆ. ಅದಕ್ಕೆ ಬದಲಾಗಿ ಕೊಡುವ ಟ್ಯಾಕ್ಸಿ, ಹೋಟೆಲ್, ಅಂಗಡಿ ಕೂಪನ್‌ಗಳನ್ನು ನೀವು ಹೇಗೂ ಖರ್ಚು ಮಾಡುವಂಥದ್ದಿದ್ದರೆ ಮಾತ್ರ ಎಣಿಸಿ, ಇಲ್ಲದಿದ್ದರೆ ಸೊನ್ನೆ ಬರೆಯಿರಿ. ಕ್ಯಾಪಿಟಲ್ ಒನ್ ವೆಂಚರ್ ಎಕ್ಸ್ 395 ಡಾಲರ್ ಕೇಳಿ ಅವರದೇ ತಾಣದಲ್ಲಿ ಪ್ರಯಾಣ ಬುಕ್ ಮಾಡಲು 300 ವಾಪಸ್ ಕೊಡುತ್ತದೆ, ಎರಡನೇ ವರ್ಷದಿಂದ 10,000 ಮೈಲು ಬೇರೆ. ವಿಮಾನ ನಿಲ್ದಾಣದ ಲೌಂಜ್ ಬೇಕೆನ್ನುವವರಿಗೆ ಇದು ವಾಸಿ.

ಬೋನಸ್ ಆಗಾಗ ಏರಿಳಿಯುತ್ತದೆ. ಅದೇ ಸಫೈರ್ ಪ್ರಿಫರ್ಡ್ 2025ರ ಬೇಸಿಗೆಗೆ ಮುಂಚೆ ಸ್ವಲ್ಪ ಕಾಲ 1,00,000 ಪಾಯಿಂಟ್ ಕೊಟ್ಟಿತ್ತು, ಅದಕ್ಕೆ ಮುಂಚೆ ಬಹಳ ಕಾಲ 60,000ದಲ್ಲೇ ಇತ್ತು. ಅವಸರವಿಲ್ಲದಿದ್ದರೆ ಕಾಯಿರಿ. ಅಮೆಕ್ಸ್‌ನವರು ಈಗೀಗ ‘ಇಷ್ಟರವರೆಗೆ’ ಎಂದಷ್ಟೇ ಬರೆಯುತ್ತಾರೆ. ಅರ್ಜಿ ಒಪ್ಪಿಗೆಯಾದ ಮೇಲೆ ನಿಮಗೆ ನಿಜಕ್ಕೂ ಎಷ್ಟು ಅಂತ ತೋರಿಸುತ್ತಾರೆ, ಇಷ್ಟವಾಗದಿದ್ದರೆ ಆ ಹಂತದಲ್ಲೇ ಬೇಡ ಅನ್ನಬಹುದು.

ಯಾವ ಬ್ಯಾಂಕ್ ಮೊದಲು ಅನ್ನುವುದರಲ್ಲೂ ವಿಷಯವಿದೆ. ಹಿಂದಿನ 24 ತಿಂಗಳಲ್ಲಿ ಯಾವುದೇ ಬ್ಯಾಂಕಿನ 5 ಅಥವಾ ಹೆಚ್ಚು ವೈಯಕ್ತಿಕ ಕಾರ್ಡ್ ತೆಗೆದಿದ್ದರೆ ಚೇಸ್ ಸಾಮಾನ್ಯವಾಗಿ ಇಲ್ಲ ಅನ್ನುತ್ತದೆ, ಪಾಯಿಂಟ್ ಹುಚ್ಚಿನವರು ಇದನ್ನು ‘5/24’ ಅಂತ ಕರೆಯುತ್ತಾರೆ. ಗಂಡನ ಕಾರ್ಡಿಗೆ ಹೆಂಡತಿಯನ್ನು ಅಧಿಕೃತ ಬಳಕೆದಾರಳಾಗಿ ಸೇರಿಸಿದ್ದೂ ಅವಳ ಲೆಕ್ಕಕ್ಕೆ ಬೀಳುತ್ತದೆ, ಇದು ಬಹಳ ಮನೆಗಳಿಗೆ ಗೊತ್ತಿಲ್ಲ. ಆದ್ದರಿಂದ ಚೇಸ್ ಮೊದಲು. ಅಂಗಡಿಯವರು ಬಿಲ್ ಕೌಂಟರಿನಲ್ಲಿ ‘ಕಾರ್ಡ್ ತಗೊಳ್ಳಿ, ಇವತ್ತಿನ ಬಿಲ್‌ನಲ್ಲಿ ಶೇ 15 ಕಡಿಮೆ’ ಅಂದರೆ ನಕ್ಕು ಮುಂದೆ ಹೋಗಿ, ಆ ಐದರಲ್ಲಿ ಒಂದು ಜಾಗ ಸುಮ್ನೆ ಹಾಳಾಗುತ್ತದೆ. ಅಮೆಕ್ಸ್‌ನದು ಇನ್ನೊಂದು ಥರ: ಒಂದು ಕಾರ್ಡಿನ ಬೋನಸ್ ಜೀವನದಲ್ಲಿ ಒಂದೇ ಸಲ. ಮೇಲಾಗಿ ಪ್ಲಾಟಿನಂ ತಗೊಂಡವರಿಗೆ ಆಮೇಲೆ ಗೋಲ್ಡ್ ಬೋನಸ್ ಸಿಗದಂತೆ ಷರತ್ತು ಬರೆದಿದ್ದಾರೆ. ಕೆಳಗಿನಿಂದ ಮೇಲಕ್ಕೆ ಹತ್ತಿ, ಗೋಲ್ಡ್ ಮೊದಲು, ಪ್ಲಾಟಿನಂ ಆಮೇಲೆ. ಸಿಟಿ ಬ್ಯಾಂಕಿನಲ್ಲಿ ಒಂದೇ ಕಾರ್ಡಿನ ಬೋನಸ್ ಮತ್ತೆ ಸಿಗಲು 48 ತಿಂಗಳ ಅಂತರ ಬೇಕು. ಕ್ಯಾಪಿಟಲ್ ಒನ್ ಮೂರೂ ಕ್ರೆಡಿಟ್ ಸಂಸ್ಥೆಗಳಿಂದ ವರದಿ ತರಿಸುತ್ತದೆ, ಅದನ್ನು ಕೊನೆಗಿಡಿ.

ಕಾರ್ಡ್ ಬಂತು. ಈಗ ಖರ್ಚಿನ ಗುರಿ, ಎಡವುವುದು ಇಲ್ಲೇ. ಮೂರು ತಿಂಗಳು ಶುರುವಾಗುವುದು ಅರ್ಜಿ ಒಪ್ಪಿಗೆಯಾದ ದಿನದಿಂದ, ಕಾರ್ಡ್ ಅಂಚೆಯಲ್ಲಿ ಬಂದ ದಿನದಿಂದಲ್ಲ. 5,000 ಅಂದರೆ ತಿಂಗಳಿಗೆ ಸುಮಾರು 1,670. ವಾರ್ಷಿಕ ಶುಲ್ಕ ಇದಕ್ಕೆ ಲೆಕ್ಕವಿಲ್ಲ. ಎಟಿಎಂನಿಂದ ತೆಗೆದ ನಗದು, ಬೇರೆ ಕಾರ್ಡಿನ ಬಾಕಿ ವರ್ಗಾವಣೆ ಯಾವುದೂ ಲೆಕ್ಕವಿಲ್ಲ. ಕಾಸ್ಟ್ಕೋ ಅಂಗಡಿಯಲ್ಲಿ ಟಿವಿ ತಗೊಂಡು ವಾಪಸ್ ಕೊಟ್ಟರೆ ಅಷ್ಟು ಕಳೆದುಹೋಗುತ್ತದೆ (ಅಲ್ಲಿ ವೀಸಾ ಮಾತ್ರ ನಡೆಯುತ್ತದೆ ಅನ್ನುವುದೂ ನೆನಪಿರಲಿ, ಅಮೆಕ್ಸ್ ಹಿಡಿದು ಹೋಗಬೇಡಿ). ಊರಿಗೆ ದುಡ್ಡು ಕಳಿಸುವ ಆ್ಯಪ್‌ಗಳಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ಗುರಿ ಮುಟ್ಟೋಣ ಅನ್ನುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ಬೇಡ. ಬ್ಯಾಂಕ್ ಅದನ್ನು ನಗದು ಮುಂಗಡ ಅಂತ ಹಿಡಿದರೆ ಶುಲ್ಕವೂ ಬೀಳುತ್ತದೆ, ಬಡ್ಡಿಯೂ ಅದೇ ದಿನದಿಂದ ಓಡುತ್ತದೆ, ಬೋನಸ್‌ಗೂ ಲೆಕ್ಕವಾಗುವುದಿಲ್ಲ.

ಹೇಗೂ ಬರುವ ದೊಡ್ಡ ಖರ್ಚನ್ನು ನೋಡಿ ಅರ್ಜಿ ಹಾಕಿ. ಕಾರ್ ವಿಮೆಯ 6 ತಿಂಗಳ ಕಂತು, ಮಕ್ಕಳ ಸಮ್ಮರ್ ಕ್ಯಾಂಪ್, ಹಲ್ಲಿನ ಡಾಕ್ಟರ ಬಿಲ್, ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನಕ್ಕೆ ಹೋಗುವ ವರ್ಷದ ಹೋಟೆಲ್, ಹೀಗೆ. ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಶೇ 3ರ ಆಸುಪಾಸು ಶುಲ್ಕ ಹಾಕುತ್ತಾರೆ. ಕೊನೆಗೆ 500 ಡಾಲರ್ ಕಡಿಮೆ ಬಿದ್ದರೆ 15 ಡಾಲರ್ ಕೊಟ್ಟು ಮುಗಿಸಬಹುದು, ಪೂರ್ತಿ 5,000 ಹಾಗೆ ಮಾಡಿದರೆ 150 ಡಾಲರ್ ಹೋಯಿತು. ಊರಿಗೆ ಹೋದಾಗಿನ ಖರ್ಚನ್ನೂ ಸೇರಿಸಿಕೊಳ್ಳಬಹುದು, ಪ್ರಯಾಣದ ಕಾರ್ಡುಗಳಲ್ಲಿ ಬಹುಪಾಲು ವಿದೇಶಿ ವಹಿವಾಟಿನ ಶುಲ್ಕ ಇರುವುದಿಲ್ಲ. ಸಾದಾ ಕಾರ್ಡಿನಲ್ಲಿ ಚಿಕ್ಕಪೇಟೆಯಲ್ಲಿ ಸೀರೆ ತಗೊಂಡರೆ ಶೇ 3 ಜಾಸ್ತಿ ಬೀಳಬಹುದು. ಗುರಿಗಿಂತ ನೂರಿನ್ನೂರು ಡಾಲರ್ ಮೇಲೆಯೇ ಖರ್ಚಿರಲಿ, ಕೊನೆಯ ವಾರಕ್ಕೆ ಉಳಿಸಿಕೊಳ್ಳಬೇಡಿ.

ಗಂಡ ಹೆಂಡತಿ ಇಬ್ಬರಿಗೂ ಸ್ವಂತ ಆದಾಯ ಅಥವಾ ತೋರಿಸಬಹುದಾದ ಮನೆಯ ಆದಾಯ ಇದ್ದರೆ ಒಬ್ಬರಾದ ಮೇಲೆ ಒಬ್ಬರು ಅದೇ ಕಾರ್ಡ್ ತಗೊಳ್ಳಿ. ಒಬ್ಬರು ಇನ್ನೊಬ್ಬರನ್ನು ಶಿಫಾರಸು ಮಾಡಿದರೆ ಅದಕ್ಕೂ ಪಾಯಿಂಟ್ ಬರುತ್ತದೆ. ಆ ಶಿಫಾರಸು ಪಾಯಿಂಟಿಗೆ ಬ್ಯಾಂಕ್ ತೆರಿಗೆ ಲೆಕ್ಕದ 1099 ಫಾರಂ ಕಳಿಸಬಹುದು, ಅದು ಆದಾಯ. ಖರ್ಚು ಮಾಡಿ ಗಳಿಸಿದ ಬೋನಸ್ಸನ್ನು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್ ಸಾಮಾನ್ಯವಾಗಿ ರಿಯಾಯಿತಿ ಅಂತಲೇ ನೋಡುತ್ತದೆ, ಅದಕ್ಕೆ ತೆರಿಗೆ ಇಲ್ಲ. ಇಬ್ಬರ ಮೈಲು ಬೇರೆ ಬೇರೆ ಇದ್ದರೆ ಚಿಂತೆಯಿಲ್ಲ, ಏರೋಪ್ಲಾನ್ ಮತ್ತು ಫ್ಲೈಯಿಂಗ್ ಬ್ಲೂ ಎರಡರಲ್ಲೂ ಮನೆಯವರ ಮೈಲು ಒಂದೇ ಕಡೆ ಸೇರಿಸಬಹುದು.

ಪಾಯಿಂಟ್ ಬಂದ ದಿನವೇ ವಿಮಾನ ಕಂಪನಿಗೆ ತಳ್ಳಬೇಡಿ. ಒಮ್ಮೆ ವರ್ಗವಾದರೆ ಹಿಂದಕ್ಕೆ ಬರುವುದಿಲ್ಲ. ಮೊದಲು ಏರೋಪ್ಲಾನ್ ತಾಣದಲ್ಲಿ ನಿಮ್ಮ ದಿನಾಂಕ ಹಾಕಿ ಸೀಟು ಇದೆಯಾ ನೋಡಿ, ಇದ್ದರೆ ಮಾತ್ರ ಕಳಿಸಿ. ಪಾಯಿಂಟಿಗೆ ಕೊಡುವ ಸೀಟುಗಳು ಪ್ರತಿ ವಿಮಾನದಲ್ಲೂ ಕೆಲವೇ ಕೆಲವು. ಜೂನ್ ಎರಡನೇ ಶನಿವಾರಕ್ಕೆ ನಾಲ್ಕು ಸೀಟು ಒಟ್ಟಿಗೆ ಬೇಕೆಂದರೆ ಸುಮಾರು 11 ತಿಂಗಳು ಮುಂಚೆ ಹುಡುಕಲು ಶುರು ಮಾಡಿ, ಸಿಗದಿದ್ದರೆ ಮಂಗಳವಾರ, ಬುಧವಾರ ನೋಡಿ, ಹೋಗುವುದು ಒಂದು ಯೋಜನೆಯಲ್ಲಿ ಬರುವುದು ಇನ್ನೊಂದರಲ್ಲಿ ಅಂತಾದರೂ ಪರವಾಗಿಲ್ಲ. ನಾಲ್ಕು ಜನ ಇಕಾನಮಿಯಲ್ಲಿ ಹೋಗುವುದಕ್ಕಿಂತ ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಬಿಸಿನೆಸ್ ಕ್ಲಾಸಿನಲ್ಲಿ ಕರೆಸಿಕೊಳ್ಳುವುದಕ್ಕೆ ಪಾಯಿಂಟ್ ಬಳಸಿದರೆ ಒಂದೊಂದು ಪಾಯಿಂಟಿನ ಬೆಲೆಯೂ ಹೆಚ್ಚು, ಮಂಡಿ ನೋವಿನವರು ಕಾಲು ಚಾಚಿ ಮಲಗಿ ಬರುತ್ತಾರೆ. ಪಾಯಿಂಟ್ ನಿಮ್ಮ ಹೆಸರಿನ ಮೈಲು ಖಾತೆಗೇ ಹೋಗಬೇಕು, ಟಿಕೆಟ್ ಮಾತ್ರ ಅವರ ಹೆಸರಿಗೆ ತೆಗೆಯಬಹುದು. ಅವರಿಬ್ಬರಿಗೂ ರಜೆಯ ಗೊಡವೆಯಿಲ್ಲ ಅಲ್ವಾ, ಫೆಬ್ರುವರಿ ಅಂದರೂ ಸೈ, ಅಕ್ಟೋಬರ್ ಅಂದರೂ ಸೈ, ಹಾಗಾಗಿ ಸೀಟೂ ಸಿಗುತ್ತದೆ.

ಭಾರತದಲ್ಲಿರುವವರು ಇದನ್ನು ಓದಿ ಹೊಟ್ಟೆ ಉರಿದುಕೊಳ್ಳಬೇಡಿ. ಅಲ್ಲಿ ಸೇರ್ಪಡೆ ಬೋನಸ್ ಕಟ್ಟಿದ ಶುಲ್ಕವನ್ನು ಹೆಚ್ಚುಕಮ್ಮಿ ಸರಿದೂಗಿಸುವಷ್ಟೇ ಇರುತ್ತದೆ, ನಿಜವಾದ ಲಾಭ ದಿನನಿತ್ಯದ ಖರ್ಚಿನ ದರದಲ್ಲಿ. ಆರಿಸುವ ರೀತಿಯೇ ಬೇರೆ.

ಎರಡನೇ ವರ್ಷದ ಶುಲ್ಕ ಬೀಳುವ ಹೊತ್ತಿಗೆ ಕಾರ್ಡ್ ಇಟ್ಟುಕೊಳ್ಳಬೇಕಾ ಅಂತ ತೀರ್ಮಾನಿಸಿ. ವರ್ಷ ತುಂಬುವ ಮುಂಚೆ ಮುಚ್ಚಬೇಡಿ, ಅಮೆಕ್ಸ್ ಷರತ್ತಿನಲ್ಲಿ ಹಾಗೆ ಮಾಡಿದರೆ ಬೋನಸ್ ವಾಪಸ್ ಕಿತ್ತುಕೊಳ್ಳಬಹುದು ಅಂತ ಇದೆ. ಶುಲ್ಕ ಬಿದ್ದ ಮೇಲೆ ಮುಚ್ಚಿದರೂ ಸುಮಾರು 30 ದಿನದೊಳಗಾದರೆ ಸಾಮಾನ್ಯವಾಗಿ ಶುಲ್ಕ ಹಿಂತಿರುಗಿಸುತ್ತಾರೆ. ಸಫೈರ್ ಪ್ರಿಫರ್ಡನ್ನು ಮುಚ್ಚುವ ಬದಲು ಚೇಸ್‌ನದೇ ಶುಲ್ಕವಿಲ್ಲದ ಫ್ರೀಡಂ ಕಾರ್ಡಿಗೆ ಇಳಿಸಿಕೊಂಡರೆ ಖಾತೆಯ ವಯಸ್ಸು ಉಳಿಯುತ್ತದೆ. ಆದರೆ ಫ್ರೀಡಂ ಒಂದೇ ಇದ್ದರೆ ವಿಮಾನ ಕಂಪನಿಗೆ ಪಾಯಿಂಟ್ ಕಳಿಸಲು ಬರುವುದಿಲ್ಲ, ಇಳಿಸುವ ಮುಂಚೆ ಉಳಿದ ಪಾಯಿಂಟನ್ನು ಮನೆಯವರ ಸಫೈರ್ ಖಾತೆಗೆ ಸಾಗಿಸಿ. ಅಮೆಕ್ಸ್‌ನಲ್ಲಿ ಪಾಯಿಂಟ್ ಕೊಡುವ ಕೊನೆಯ ಕಾರ್ಡ್ ಮುಚ್ಚಿದರೆ ಪಾಯಿಂಟೇ ಹೋಗುತ್ತದೆ, ಅಲ್ಲಿ ಮೊದಲು ಖರ್ಚು ಮಾಡಿ ಅಥವಾ ಏರೋಪ್ಲಾನ್‌ಗೆ ಕಳಿಸಿ, ಆಮೇಲೆ ಫೋನ್ ಹಚ್ಚಿ.