ಗಡಿ ತೀರ್ಪು ಓದುವ ಬಗೆ: ಪ್ರೆಹ್ ವಿಹಾರ್ ಕೇಸು ಮುಂದಿಟ್ಟುಕೊಂಡು

ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪು ಕೊಟ್ಟರೆ ನನ್ನ ಜೂನಿಯರ್‌ಗಳು ಮೊದಲ ಪುಟದಿಂದ ಹಿಡಿದು ಅರ್ಧಕ್ಕೇ ಸುಸ್ತಾಗುತ್ತಾರೆ. ಹಾಗೆ ಓದಬೇಡಿ. ಮೊದಲು ಕೊನೆಯಲ್ಲಿರುವ ಆದೇಶ ನೋಡಿ. ಕಾಂಬೋಡಿಯಾ ಮತ್ತು ಥಾಯ್ಲೆಂಡ್ ನಡುವಿನ ಪ್ರೆಹ್ ವಿಹಾರ್ ದೇವಸ್ಥಾನದ ಕೇಸಿನಲ್ಲಿ, 1962ರ ಜೂನ್ 15ರಂದು, 9–3 ಮತಗಳಿಂದ ಬಂದ ಆದೇಶ ಇಷ್ಟು: ದೇವಸ್ಥಾನವಿರುವ ನೆಲ ಕಾಂಬೋಡಿಯಾದ್ದು, ಥಾಯ್ ಪಡೆ ಜಾಗ ಖಾಲಿ ಮಾಡಬೇಕು. ಒಯ್ದ ವಸ್ತುಗಳಿದ್ದರೆ ಹಿಂದಿರುಗಿಸಬೇಕೆನ್ನುವುದಕ್ಕೆ 7–5. ಗಡಿರೇಖೆ ಎಲ್ಲಿ ಹಾಯುತ್ತದೆ ಎಂಬ ಮಾತು ಆದೇಶದಲ್ಲಿಲ್ಲ. ಅದಕ್ಕೇ ಜಗಳ ಮತ್ತೆ ಹೇಗ್‌ಗೆ ಹೋಗಿ, ದೇವಸ್ಥಾನದ ಗುಡ್ಡದ ಚಾಚು ಪೂರ್ತಿ ಕಾಂಬೋಡಿಯಾದ್ದೆಂದು 2013ರಲ್ಲಿ ಬಿಡಿಸಿ ಹೇಳಬೇಕಾಯಿತು.

ಆಮೇಲೆ ಒಪ್ಪಂದ ಹುಡುಕಿ. ಆಗ ಕಾಂಬೋಡಿಯಾವನ್ನು ಆಳುತ್ತಿದ್ದ ಫ್ರಾನ್ಸ್ ಮತ್ತು ಸಯಾಂ (ಥಾಯ್ಲೆಂಡಿನ ಹಳೆಯ ಹೆಸರು) 1904ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಡಾಂಗ್ರೆಕ್ ಬೆಟ್ಟಸಾಲಿನ ಜಲವಿಭಾಜಕ ರೇಖೆಯೇ, ಅಂದರೆ ಮಳೆನೀರು ಎರಡು ಕಡೆಗೆ ಕವಲೊಡೆಯುವ ಏಣೇ, ಗಡಿ. ಆ ರೇಖೆಯಂತೆ ದೇವಸ್ಥಾನ ತನ್ನ ಕಡೆಗೇ ಬೀಳುತ್ತದೆ ಎಂಬುದು ಥಾಯ್ಲೆಂಡಿನ ವಾದ; ಇಷ್ಟಕ್ಕೇ ನಿಲ್ಲಿಸಿದರೆ ಅದು ಗೆದ್ದ ಹಾಗೆ ಕಾಣುತ್ತದೆ.

ಈಗ ಒಂದು ಹಾಳೆಯಲ್ಲಿ ಇಸವಿಗಳನ್ನು ಬರೆದು, ಎದುರಿಗೆ ಯಾರು ತಕರಾರು ಎತ್ತಿದರು, ಯಾರು ಸುಮ್ಮನಿದ್ದರು ಎಂದು ತುಂಬುತ್ತ ಹೋಗಿ. ಕೇಸಿನ ಜೀವ ಇಲ್ಲಿದೆ. ಫ್ರೆಂಚ್ ಅಧಿಕಾರಿಗಳು ಮಾಡಿದ ನಕ್ಷೆ ದೇವಸ್ಥಾನವನ್ನು ಕಾಂಬೋಡಿಯಾದೊಳಗೆ ತೋರಿಸಿತ್ತು. 1908ರಲ್ಲಿ ಅದು ಕೈಸೇರಿದಾಗ ಸಯಾಂನ ರಾಜಕುಮಾರ ದಾಮ್ರೋಂಗ್ ಧನ್ಯವಾದ ಹೇಳಿ, ಪ್ರಾಂತ್ಯದ ಗವರ್ನರ್‌ಗಳಿಗೆ ಕೊಡಲು ಇನ್ನೂ 15 ಪ್ರತಿ ಕೇಳಿದರು! 1930ರಲ್ಲಿ ಅವರೇ ದೇವಸ್ಥಾನ ನೋಡಲು ಹೋದರೆ ಫ್ರೆಂಚ್ ಅಧಿಕಾರಿ ತನ್ನ ಧ್ವಜ ಹಾರಿಸಿ ಬರಮಾಡಿಕೊಂಡ. ಚಕಾರವಿಲ್ಲ. 1934–35ರಲ್ಲಿ ಸಯಾಂ ತಾನೇ ಮಾಡಿದ ಸರ್ವೆಯಲ್ಲಿ ನಕ್ಷೆಯ ಗೆರೆಗೂ ಜಲವಿಭಾಜಕಕ್ಕೂ ವ್ಯತ್ಯಾಸ ಕಂಡ ಮೇಲೂ ಅಲ್ಲಿ ಹಳೆಯ ಗೆರೆಯದೇ ನಕ್ಷೆ ಅಚ್ಚಾಗುತ್ತಿತ್ತು. ಈ ಮೌನವನ್ನೇ ಕೋರ್ಟು ನಕ್ಷೆಗೆ ಕೊಟ್ಟ ಒಪ್ಪಿಗೆ ಎಂದು ತೆಗೆದುಕೊಂಡಿತು. ಪಕ್ಕದವನು ಬದು ಹಾಕುವಾಗ ಸುಮ್ಮನಿದ್ದು, ಮೊಮ್ಮಕ್ಕಳ ಕಾಲಕ್ಕೆ ಹದ್ದುಬಸ್ತಿಗೆ ಅರ್ಜಿ ಕೊಡುವ ಕಕ್ಷಿದಾರರು ನನ್ನ ಆಫೀಸಿಗೂ ಬರುತ್ತಾರೆ.

ಶಿವಾಲಯ ಯಾರು ಕಟ್ಟಿಸಿದರು ಎಂಬ ಪುಟಗಳನ್ನು ಬೇಗ ದಾಟಿ. ಇತಿಹಾಸ, ಧರ್ಮ, ಪುರಾತತ್ವದ ವಾದಗಳು ಕಾನೂನಿನ ದೃಷ್ಟಿಯಲ್ಲಿ ನಿರ್ಣಾಯಕವಲ್ಲ ಎಂದು ಕೋರ್ಟೇ ಬದಿಗಿಟ್ಟಿದೆ.

ಹಾಗೆಂದು ನಕ್ಷೆ ಇದ್ದವರೆಲ್ಲ ಗೆಲ್ಲುವುದಿಲ್ಲ. ಇದೇ ಕೋರ್ಟಿಗೆ ಗಡಿ ಜಗಳ ತಂದ ಆಫ್ರಿಕಾದ ಬುರ್ಕಿನಾ ಫಾಸೊ ಮತ್ತು ಮಾಲಿ ಎರಡೂ ಹಿಂದೆ ಫ್ರೆಂಚರ ಕೈಕೆಳಗಿದ್ದವು. ಸ್ವಾತಂತ್ರ್ಯದ ಹೊತ್ತಿಗಿದ್ದ ಆಡಳಿತದ ಗೆರೆಯೇ ಅವುಗಳ ಗಡಿಯಾಯಿತು. ನಕ್ಷೆಯೊಂದೇ ಹಕ್ಕುಪತ್ರವಾಗದು ಎಂದು 1986ರ ಆ ತೀರ್ಪು ಖಡಾಖಂಡಿತ ಹೇಳಿತು. ಹಾಗಾಗಿ ಗೆರೆ ಎಳೆದದ್ದು ಎರಡು ಸರ್ಕಾರಗಳ ನಡುವೆಯೋ, ಒಂದೇ ಸಾಮ್ರಾಜ್ಯದ ಒಳಗೋ ಎಂದು ಕೇಳಿಕೊಳ್ಳಿ.

ಭಿನ್ನಮತ ಓದದೆ ಫೈಲು ಮುಚ್ಚಬೇಡಿ. ಸಯಾಂನ ನಡತೆಯಿಂದ ಅದು ಗಡಿಯನ್ನು ಒಪ್ಪಿತ್ತೆಂದು ಹೇಳಲಾಗದು ಎಂದರು ನ್ಯಾಯಮೂರ್ತಿ ಪರ್ಸಿ ಸ್ಪೆಂಡರ್. ಆ 15 ಪ್ರತಿಗಳಿಲ್ಲದಿದ್ದರೆ ನಾನೂ ಅವರ ಕಡೆಗೇ ವಾಲುತ್ತಿದ್ದೆನೇನೋ.