ಬೇಸಿಗೆ ರಜೆಲಿ ಮನೆಮಂದಿ ಎಲ್ಲ ಸೇರಿ ಚೌಕಾಬಾರದ ಕೌದಿ ಹೊಲಿಯೋದು ಹೆಂಗೆ

ಏಪ್ರಿಲ್ ಬಂತು ಅಂದ್ರೆ ದಾವಣಗೆರೆಲಿ ಹನ್ನೊಂದು ಗಂಟೆ ಮೇಲೆ ಮಕ್ಳನ್ನ ಹೊರಗೆ ಬಿಡೋಕಾಗಲ್ಲ, ಸಂಜೆ ಐದರ ತನಕ ಒಳಗೇ ಇರ್ಬೇಕು, ಅಷ್ಟೊತ್ತು ಏನ್ ಮಾಡ್ಸೋದು ಅನ್ನೋದೇ ಎಲ್ರ ಮನೇಲೂ ದೊಡ್ಡ ಚಿಂತೆ. ದಿನಕ್ಕೊಂದು ಹೊಸ ಚಟುವಟಿಕೆ ಹುಡುಕೋದಕ್ಕಿಂತ ಇಡೀ ರಜೆಗೆ ಒಂದೇ ದೊಡ್ಡ ಕೆಲಸ ಹಿಡ್ಕೊಳ್ರಿ ಅಂತ ನಾನು ಎಲ್ರಿಗೂ ಹೇಳೋದು. ಅದು ಮುಗಿದ್ಮೇಲೆ ಮನೇಲಿ ಬಳಕೆಗೆ ಬರೋ ವಸ್ತು ಆಗಿರ್ಬೇಕು, ನಾಲ್ಕು ವರ್ಷದ ಮಗೂಗೂ ಅದ್ರಲ್ಲಿ ಕೆಲಸ ಇರ್ಬೇಕು, ಎಪ್ಪತ್ತು ವರ್ಷದ ಅಜ್ಜಿಗೂ ಇರ್ಬೇಕು. ಕೌದಿ ಹಂಗಿರೋ ಕೆಲಸ. ಇಲ್ಲಿ ಹೇಳ್ತಿರೋದು ಹೊದ್ಕೊಳ್ಳೋ ದೊಡ್ಡ ಕೌದಿ ಅಲ್ಲ, ಅದು ಒಂದು ರಜೆಲಿ ಮುಗಿಯಲ್ಲ. ನಡುವೆ ಚೌಕಾಬಾರದ ಮನೆ ಇರೋ ಸಣ್ಣ ಕೌದಿ, ಹಾಸಿದ್ರೆ ಆಟ ಆಡ್ಬಹುದು, ಮಡಚಿದ್ರೆ ಮಗು ಮಲಗ್ಸಬಹುದು.

ಮೊದ್ಲು ಬಟ್ಟೆ. ದುಡ್ಡು ಕೊಟ್ಟು ತರಬೇಡ್ರಿ. ಅಜ್ಜಿ ಹಳೇ ಸೀರೆ, ಅಜ್ಜನ ಪಂಚೆ, ಅಪ್ಪನ ಸವೆದ ಲುಂಗಿ, ಮಕ್ಳಿಗೆ ಗಿಡ್ಡ ಆಗಿರೋ ಫ್ರಾಕು, ಎಲ್ಲ ಒಂದ್ಕಡೆ ಗುಡ್ಡೆ ಹಾಕ್ರಿ, ಇನ್ನೂ ಬಣ್ಣ ಬೇಕು ಅಂದ್ರೆ ನಿಮ್ಮ ಓಣಿ ಟೈಲರ್ ಹತ್ರ ಹೋಗಿ ಕತ್ತರಿಸಿ ಉಳಿದ ತುಂಡು ಕೇಳ್ರಿ, ಬ್ಲೌಸಿನ ಚೂರು ಚೀಲದಗಟ್ಲೆ ಇರ್ತವೆ. ಆದ್ರೆ ಹತ್ತಿ ಬಟ್ಟೆನೇ ಆಗ್ಬೇಕು, ಪಾಲಿಯೆಸ್ಟರ್ ಸೇರಿದ್ರೆ ಸೆಕೆ ಆಗುತ್ತೆ, ಸೂಜಿನೂ ಜಾರುತ್ತೆ. ನಮ್ಮೂರನ್ನ ಹತ್ತಿ ಮಿಲ್ಲುಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ರು, ಮಿಲ್ಲಲ್ಲಿ ದುಡಿದ ಹಿರಿಯರು ನಿಮ್ಮನೇಲೋ ಪಕ್ಕದ್ಮನೇಲೋ ಇದ್ರೆ ಕರೆದು ಕೂರ್ಸ್ರಿ, ಅಂಥವ್ರು ಬಟ್ಟೆನ ಎರಡು ಬೆರಳಲ್ಲಿ ಉಜ್ಜಿ ನೋಡಿ ಹೇಳ್ತಾರೆ. ಯಾರೂ ಇಲ್ಲ ಅಂದ್ರೆ ಬಟ್ಟೆ ಅಂಚಿಂದ ನಾಲ್ಕೆಳೆ ಕಿತ್ತು ಇಕ್ಕಳದಲ್ಲಿ ಹಿಡಿದು ದೊಡ್ಡವ್ರು ಬೆಂಕಿಗೆ ತೋರಿಸ್ರಿ, ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಬೂದಿ ಆಗುತ್ತೆ, ಮುಟ್ಟಿದ್ರೆ ಪುಡಿ. ಪಾಲಿಯೆಸ್ಟರ್ ಆದ್ರೆ ಮುದುರ್ಕೊಂಡು ಗಟ್ಟಿ ಕರೀ ಮಣಿ ಥರ ಉಳಿಯುತ್ತೆ. ಮಕ್ಳಿಗೆ ಇದು ಭಾಳ ಇಷ್ಟ ಆಗುತ್ತೆ, ಪ್ರತಿ ಬಟ್ಟೆಗೂ ಮೊದ್ಲೇ ಊಹೆ ಮಾಡ್ಸಿ ಆಮೇಲೆ ಸುಟ್ಟು ತೋರಿಸ್ರಿ.

ಬಟ್ಟೆ ಎಲ್ಲ ಒಂದ್ಸಲ ಒಗೆದು ಒಣಗ್ಸ್ರಿ. ಕೆಂಪು, ಕಪ್ಪು ಬಣ್ಣದ್ದು ಇದ್ರೆ ಒದ್ದೆ ಬಿಳಿ ಬಟ್ಟೆಲಿ ತಿಕ್ಕಿ ನೋಡ್ರಿ, ಬಣ್ಣ ಬಿಡ್ತಿದ್ರೆ ಅದನ್ನ ತೆಗೆದಿಡ್ರಿ, ಕನಿಕರ ಬೇಡ, ಒಂದು ತುಂಡು ಇಡೀ ಕೌದಿ ಕೆಡ್ಸುತ್ತೆ.

ಇನ್ನು ಅಳತೆ. ನೋಟ್‌ಬುಕ್ಕಿನ ರಟ್ಟಲ್ಲಿ 7 ಇಂಚಿನ ಒಂದು ಚೌಕ ಕತ್ತರಿಸ್ಕೊಳ್ರಿ, ಅದನ್ನ ಬಟ್ಟೆ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು 25 ತುಂಡು ಕತ್ತರಿಸ್ರಿ. 20 ಬೇರೆ ಬೇರೆ ಬಣ್ಣದ್ದು, 5 ಮಾತ್ರ ಒಂದೇ ಗಾಢ ಬಣ್ಣದ್ದು. ಈ ಐದೂ ಕಟ್ಟೆ, ಅಂದ್ರೆ ನಾಲ್ಕು ಬದಿಯ ನಡುಮನೆ ಮತ್ತೆ ಮಧ್ಯದ ಹಣ್ಣಿನ ಮನೆ. ಇವುಕ್ಕೆ ಜೋಡಿಸೋಕೆ ಮುಂಚೇನೇ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಎರಡು, ಬೇರೆ ಬಣ್ಣದ ದಾರದಲ್ಲಿ ಹೊಲಿದ್ಬಿಡ್ರಿ, ಜೋಡ್ಸಿದ್ಮೇಲೆ ಮಾಡೋಕೆ ಹೋದ್ರೆ ಕೈಗೆ ಸಿಗಲ್ಲ. ಸಣ್ಣ ಮಗೂಗೆ ಸೂಜಿ ಕೊಡ್ಬೇಡ್ರಿ, ಆದ್ರೆ ಯಾವ ತುಂಡಿನ ಪಕ್ಕ ಯಾವ್ದು ಬರ್ಬೇಕು ಅಂತ ನೆಲದ ಮೇಲೆ ಜೋಡಿಸೋ ಕೆಲಸ ಪೂರ್ತಿ ಅದಕ್ಕೇ ಬಿಡ್ರಿ, ಮಧ್ಯ ಬಾಯಿ ಹಾಕ್ಬೇಡ್ರಿ. ನಿಮಗೆ ಹಳದಿ ಪಕ್ಕ ಹಸಿರು ಚೆಂದ ಅನ್ನಿಸ್ಬಹುದು, ಅದಕ್ಕೆ ಅನ್ನಿಸ್ದೆ ಇರ್ಬಹುದು, ಕೌದಿ ಅದ್ರದ್ದು ಅಲ್ವಾ.

ಐದೈದು ತುಂಡು ಸೇರ್ಸಿ ಒಂದು ಸಾಲು, ಹಂಗೆ ಐದು ಸಾಲು. ಸುತ್ತ ಅರ್ಧ ಇಂಚು ಒಳಗೆ ಹೊಲಿಗೆ ಬರ್ಬೇಕು. ಮಿಷನ್ ಇದ್ರೆ ಜೋಡಿಸೋದು ಅದ್ರಲ್ಲೇ ಮಾಡ್ಕೊಳ್ರಿ, ಗಟ್ಟಿನೂ ಬರುತ್ತೆ, ಬೇಗನೂ ಆಗುತ್ತೆ. ಪ್ರತಿ ಸಾಲಿಗೂ ಇಸ್ತ್ರಿ ಹಾಕಿ ಆಮೇಲೆ ಸಾಲಿಗೆ ಸಾಲು ಸೇರ್ಸ್ರಿ, ಇಸ್ತ್ರಿ ತಪ್ಪಿಸಿದ್ರೆ ಮೂಲೆಗೆ ಮೂಲೆ ಕೂರಲ್ಲ. ಆಮೇಲೆ ಅಂಚು. 5 ಇಂಚು ಅಗಲದ ಪಟ್ಟಿ ನಾಲ್ಕು ಬೇಕು, ಎರಡು 31 ಇಂಚು ಉದ್ದ, ಎರಡು 39. ಚಿಕ್ಕವು ಎಡ ಬಲಕ್ಕೆ ಮೊದ್ಲು, ದೊಡ್ಡವು ಮೇಲೆ ಕೆಳಗೆ ಆಮೇಲೆ. ಸೀರೆ ಸೆರಗು ಇನ್ನೂ ಗಟ್ಟಿ ಇದ್ರೆ ಪಟ್ಟಿಗೆ ಅದನ್ನೇ ಇಡ್ರಿ.

ಅಡಿಭಾಗಕ್ಕೆ ಮೆತ್ತಗಿರೋ ಸೀರೆ 39 ಇಂಚಿನ ಚೌಕ, ನಡುವೆ ಹಳೇ ಪಂಚೆನೋ ಬೆಡ್‌ಶೀಟೋ ಎರಡು ಮಡಿಕೆ 38 ಇಂಚಿಂದು, ಮೇಲೆ ಜೋಡ್ಸಿರೋ ಚೌಕ. ನೆಲ ಒರೆಸಿ ಹಾಸಿ ನಾಲ್ಕು ಮೂಲೆಗೂ ಕುಟ್ಟಾಣಿ, ತುಂಬಿದ ಡಬ್ಬ, ಏನಾದ್ರೂ ಭಾರ ಇಡ್ರಿ. ಕೈಯಲ್ಲಿ ನಡುವಿಂದ ಹೊರಗೆ ಸವರ್ತಾ ಸುಕ್ಕು ತೆಗೆದು ಅದೇ ದಿಕ್ಕಲ್ಲಿ ಅಂಗೈಯಗಲಕ್ಕೊಂದು ದೊಡ್ಡ ಕಚ್ಚಾ ಹೊಲಿಗೆ ಹಾಕ್ರಿ, ಕೊನೆಗೆ ಬಿಚ್ಚೋದೇ ಆದ್ರೂ ಇದನ್ನ ಮಾತ್ರ ಅವಸರ ಮಾಡ್ಬೇಡ್ರಿ, ಅಡಿಲಿ ಸೀರೆ ಮಡಚ್ಕೊಂಡಿದ್ರೆ ಪೂರ್ತಿ ಹೊಲಿದ್ಮೇಲೇ ಗೊತ್ತಾಗೋದು. ಅಂಚು ಅರ್ಧ ಇಂಚು ಒಳಗೆ ಮಡಚಿ, ಮೇಲಿನ್ದೂ ಅಡಿದೂ ಸೇರ್ಸಿ ಹೊಲಿದು ಮುಚ್ರಿ.

ಈಗ ನಿಜವಾದ ಕೌದಿ ಹೊಲಿಗೆ, ಮಧ್ಯಾಹ್ನ ಎಲ್ರೂ ಸುತ್ತ ಕೂತು ಮಾಡೋದು. ಸಾದಾ ಕೈಹೊಲಿಗೆನೇ, ಸೂಜಿ ಮೇಲೆ ಕೆಳಗೆ ಆಡಿಸ್ಕೊಂಡು ಹೋಗೋದು, ದಪ್ಪ ಹತ್ತಿ ದಾರ ತಗೊಳ್ರಿ, ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಸಾಕು, ಉದ್ದ ಮಾಡಿದ್ರೆ ಗಂಟು ಬೀಳುತ್ತೆ. ಅಜ್ಜಿಯರಿಗೆ ಹೊಲಿಯೋಕೆ ಬರುತ್ತೆ, ಸೂಜಿಗೆ ದಾರ ಪೋಣಿಸೋಕೆ ಕಣ್ಣು ಕಾಣಲ್ಲ, ಅದಕ್ಕೆ ಊಟ ಆದ್ ತಕ್ಷಣ ಹುಡುಗ್ರು ಹತ್ತು ಸೂಜಿಗೆ ದಾರ ಪೋಣಿಸಿ ಒಂದು ಬಟ್ಟೆ ಉಂಡೆಗೆ ಚುಚ್ಚಿ ಅಜ್ಜಿ ಪಕ್ಕ ಇಟ್ಬಿಡ್ಬೇಕು, ಎದ್ದಾಗ ಮತ್ತೆ ಹತ್ತೂ ಇವೆಯಾ ಅಂತ ಎಣಿಸ್ಬೇಕು. ನೆಲದಲ್ಲಿ ಬಿದ್ದ ಸೂಜಿ ಸಿಗೋದು ಕಾಲಿಗೇ.

ಅಂಚಿಗೆ ಒಂದು ಚೆಂದದ ಲೆಕ್ಕ ಐತೆ. ಹೊಲಿಗೆಗೆ ಹೋಗಿ ಉಳಿಯೋ ನಾಲ್ಕಿಂಚಿನ ಅಂಚಲ್ಲಿ ಅರ್ಧ ಇಂಚಿಗೊಂದು ಗೆರೆ ಅಂದ್ರೆ ಸರಿಯಾಗಿ ಏಳು ಸುತ್ತು ಕೂರ್ತವೆ. ಚಿತ್ರದುರ್ಗದ ಕೋಟೆನೂ ಏಳು ಸುತ್ತಿಂದೇ ಅಲ್ವಾ, ಹೊರಗಿನ ಸುತ್ತಿಂದ ಶುರು ಮಾಡಿ ಒಳಗೆ ಒಳಗೆ ಹೋಗ್ರಿ, ದಿನಕ್ಕೊಂದು ಸುತ್ತು, ಯಾವ ಸುತ್ತು ಯಾರು ಹೊಲಿದ್ರು ಅಂತ ದಾರದ ಬಣ್ಣದಲ್ಲೇ ಗೊತ್ತಾಗ್ಲಿ. ಯಾವ್ದಾದ್ರೂ ಒಂದು ಸುತ್ತಲ್ಲಿ ಓಬವ್ವನ ಕಿಂಡಿ ಅಂತ ಒಂದ್ಕಡೆ ಸಣ್ಣ ಜಾಗ ಹೊಲಿದೆ ಬಿಟ್ರೂ ನಡೆಯುತ್ತೆ, ಕೌದಿಗೇನೂ ಆಗಲ್ಲ. ಆಗುತ್ತೆ ಅಂದ್ರೆ ಒಂದಿನ ಬೆಳಿಗ್ಗೆ ಬೇಗ ಹೊರಟು ಬಿಸಿಲೇರೋ ಮುಂಚೆ ಕೋಟೆ ನೋಡ್ಕೊಂಡೇ ಬರ್ರಿ, ಕಲ್ಲಿಗೆ ಕಲ್ಲು ಹೆಂಗೆ ಕೂರ್ಸವ್ರೆ ಅಂತ ಹುಡುಗ್ರು ಪುಸ್ತಕದಲ್ಲಿ ಬರ್ಕೊಂಡು ಬಂದ್ರೆ ಚೌಕದೊಳಗಿನ ಹೊಲಿಗೆಗೆ ಅದೇ ಡಿಸೈನು ಆಗುತ್ತೆ. ಚೌಕದೊಳಗೆ ಎರಡೆರಡು ಸುತ್ತು ಸಾಕು, ಹೊಲಿಯೋಕೆ ಬರೋರೆಲ್ಲ 25 ಮನೆ ಹಂಚ್ಕೊಳ್ರಿ. ಎಂಟು ಒಂಬತ್ತು ವರ್ಷದ ಹುಡುಗ್ರ ಹೊಲಿಗೆ ಸೊಟ್ಟ ಬರುತ್ತೆ, ಬಿಚ್ಚಿ ಮತ್ತೆ ಹೊಲಿಬೇಡ್ರಿ, ಹಂಗೇ ಇರ್ಲಿ. ಗಂಡುಹುಡುಗ್ರನ್ನೂ ಕೂರ್ಸ್ರಿ, ಊರಲ್ಲಿ ಟೈಲರ್ ಅಂಗಡಿ ಎಷ್ಟು ಗಂಡಸ್ರದ್ದು ಐತೆ ನೋಡ್ರಿ.

ಬೆಳಿಗ್ಗೆ ಹೊತ್ತು ಬೇರೆ ಕೆಲಸಕ್ಕೆ ಇಟ್ಕೊಳ್ರಿ. ತಾರಸಿಗೆ ಸುಣ್ಣ ಹೊಡಿಯೋದಿದ್ರೆ ಸಂಡಿಗೆಗಿಂತ ಮೊದ್ಲೇ ಮುಗಿಸ್ರಿ, ಬಿಳಿ ತಾರಸಿ ಬಿಸಿಲನ್ನ ವಾಪಸ್ ಕಳಿಸುತ್ತೆ, ಕೆಳಗೆ ರೂಮು ತಂಪಿರುತ್ತೆ. ಸುಟ್ಟ ಸುಣ್ಣ ನೀರಿಗೆ ಹಾಕಿದ್ರೆ ಕೊತಕೊತ ಕುದಿಯುತ್ತೆ, ಹಂಗಾಗಿ ಕಲಸೋ ಹತ್ರ ಮಕ್ಳು ಬೇಡ, ಮಾಡೋರು ಕನ್ನಡಕ ಹಾಕ್ಕೊಳ್ಳೇಬೇಕು. ಅರಳು, ಬೂದುಗುಂಬಳದ ಸಂಡಿಗೆ ಇಡೋದಿದ್ರೆ ನೇರ ತಾರಸಿ ಮೇಲೆ ಬೇಡ, ಮಂಚದ ಮೇಲೆ ಶುದ್ಧ ಬಟ್ಟೆ ಹಾಸಿ ಇಡ್ರಿ, ಕಾಗೆ ಕಾಯೋ ಡ್ಯೂಟಿ ಹುಡುಗ್ರಿಗೆ, ನೆರಳಲ್ಲಿ ಕೂತು.

ಕೌದಿ ಆಯ್ತು ಅಂದ್ರೆ ಕಾಯಿ ಬೇಕಲ್ಲ. ಹಳೇ ಗುಂಡಿ ಡಬ್ಬ ಸುರುವಿ ನಾಲ್ಕು ಬಣ್ಣದಲ್ಲಿ ನಾಲ್ಕು ನಾಲ್ಕು ಆರಿಸ್ರಿ. ಕವಡೆ ಇಲ್ದಿದ್ರೆ ನಾಲ್ಕು ಹುಣಸೆ ಬೀಜ ತಗೊಂಡು ಒಂದು ಮಗ್ಗುಲು ಬಿಳಿ ಕಾಣೋ ತನಕ ಕಲ್ಲಿಗೆ ತೇಯ್ರಿ. ಒಂದು ಬಿಳಿ ಮೇಲೆ ಬಂದ್ರೆ ಒಂದು, ಎರಡಕ್ಕೆ ಎರಡು, ಮೂರಕ್ಕೆ ಮೂರು, ನಾಲ್ಕೂ ಬಿಳಿ ಆದ್ರೆ ಚೌಕ ನಾಲ್ಕು, ನಾಲ್ಕೂ ಕಪ್ಪಾದ್ರೆ ಬಾರ ಎಂಟು, ಚೌಕ ಬಾರ ಬಿದ್ದೋರಿಗೆ ಇನ್ನೊಂದ್ಸಲ ಆಡೋಕೆ. ಕಟ್ಟೆಲಿ ಕೂತಿರೋ ಕಾಯಿ ಕಡಿಯಂಗಿಲ್ಲ. ಒಂದು ಕಾಯಾದ್ರೂ ಕಡಿದೆ ಒಳಸುತ್ತಿಗೆ ಹೋಗ್ಬಹುದಾ ಇಲ್ವಾ ಅನ್ನೋದು ಮನೆಗೊಂದು ನಿಯಮ, ಅದನ್ನ ಆಟ ಶುರು ಮಾಡೋಕೆ ಮುಂಚೆನೇ ತೀರ್ಮಾನ ಮಾಡ್ಕೊಳ್ರಿ, ಇಲ್ಲಾಂದ್ರೆ ಜಗಳ.

ಒಗೆಯೋದು ಮನೇಲೇ, ದೊಡ್ಡ ಬಕೆಟ್ಟಲ್ಲಿ ತಣ್ಣೀರು, ಕಮ್ಮಿ ಸೋಪು. ಹಿಂಡೋಕೆ ಎರಡು ಕಡೆ ಇಬ್ರು ಹಿಡಿಬೇಕು. ಕೌದಿ ಅಂತ ಮಕ್ಳನ್ನ ಕರ್ಕೊಂಡು ಭದ್ರಾ ನಾಲೆಗೆ ಮಾತ್ರ ಹೋಗ್ಬೇಡ್ರಿ, ಬೇಸಿಗೆ ಬೆಳೆಗೆ ನೀರು ಬಿಟ್ಟಾಗ ಸೆಳೆತ ಜೋರಿರುತ್ತೆ, ಮೆಟ್ಲು ಪಾಚಿ ಕಟ್ಟಿರುತ್ತೆ. ನೇರ ಬಿಸಿಲಿಗೆ ಮೇಲ್ಮಗ್ಗುಲು ಹಾಕಿದ್ರೆ ಬಣ್ಣ ಸುಟ್ಟೋಗುತ್ತೆ, ಅಡಿಮಗ್ಗುಲು ಮೇಲೆ ಮಾಡಿ ಒಣಗ್ಸ್ರಿ, ನಮ್ಮ ಬಿಸಿಲಿಗೆ ಸಂಜೆಯೊಳಗೆ ಒಣಗಿರುತ್ತೆ, ಮಂಡಕ್ಕಿ ಮಿರ್ಚಿ ತಟ್ಟೆ ಮಾತ್ರ ಅದ್ರ ಮೇಲಿಡ್ಬೇಡ್ರಿ, ಎಣ್ಣೆ ಕಲೆ ಹತ್ತಿ ಬಟ್ಟೆಯಿಂದ ಸುಲಭಕ್ಕೆ ಬಿಡಲ್ಲ.