ಟಿಎಲ್‌ಇ ನೆಚ್ಚಿಕೊಳ್ಳದೆ ಸರಕು ನೌಕೆಯ ಫೋಟೋ ಹಿಡಿದಿದ್ದು: ನನ್ನ ಅನುಭವ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ಯುವ ಸರಕು ನೌಕೆಯನ್ನು, ಡಾಕಿಂಗ್‌ಗೆ (ನಿಲ್ದಾಣಕ್ಕೆ ಕೂಡಿಕೊಳ್ಳುವುದಕ್ಕೆ) ಮುಂಚಿನ ಸಂಜೆ ಫೋಟೋದಲ್ಲಿ ಹಿಡಿಯಬೇಕು ಅಂತ ಹೊರಟಾಗ ಬಳಗದವರೆಲ್ಲ ಒಂದೇ ಮಾತು ಹೇಳಿದರು: "ಟಿಎಲ್‌ಇ ಬರೋವರೆಗೂ ಕಾಯಿ, ಸುಮ್ನೆ ಕತ್ತಲಲ್ಲಿ ಕಣ್ಣು ನೋಯಿಸಿಕೊಳ್ಳಬೇಡ." ಟಿಎಲ್‌ಇ ಅಂದ್ರೆ ನೌಕೆಯ ಕಕ್ಷೆಯನ್ನು ಎರಡು ಸಾಲಿನಲ್ಲಿ ಹೇಳುವ ಅಂಕಿಗಳು. ತೊಂದರೆ ಏನಂದ್ರೆ, ಟಿಎಲ್‌ಇ ಬಂದಮೇಲೂ ಕೆಲಸ ಆಗಿರುವುದಿಲ್ಲ. ನೌಕೆ ಒಮ್ಮೆ ಎಂಜಿನ್ ಉರಿಸಿದರೆ ಸಾಕು, ಬೆಳಗ್ಗೆಯ ಅಂಕಿ ಸಂಜೆಗೆ ಹಳಸಿರುತ್ತದೆ. ಅದಕ್ಕೇ ಟಿಎಲ್‌ಇ ಪಕ್ಕಕ್ಕಿಟ್ಟು, ಪ್ರಕಟವಾದ ಡಾಕಿಂಗ್ ಸಮಯದಿಂದ ಹಿಂದಕ್ಕೆ ಲೆಕ್ಕ ಹಾಕಿದೆ. ಅದು ಕೆಲಸ ಮಾಡಿತು.

ಲೆಕ್ಕ ಇಷ್ಟೇ. ನಿಲ್ದಾಣಕ್ಕಿಂತ ಒಂದು ಕಿಲೋಮೀಟರ್ ಕೆಳಗಿರುವ ನೌಕೆ ಭೂಮಿಯನ್ನು ಬೇಗ ಸುತ್ತುವುದರಿಂದ ಪ್ರತಿ ಸುತ್ತಿಗೆ ಸುಮಾರು ಒಂದೂಕಾಲು ಸೆಕೆಂಡ್ ಗಳಿಸುತ್ತದೆ. ನೂರು ಕಿ.ಮೀ. ಕೆಳಗಿದ್ದರೆ ಹತ್ತಿರ ಹತ್ತಿರ 2 ನಿಮಿಷ. ನನ್ನ ಪಾಸ್ (ನಮ್ಮ ಆಕಾಶದಲ್ಲಿ ಹಾದುಹೋಗುವುದು) ಆದ ಮೇಲೆ ಡಾಕಿಂಗ್‌ಗೆ ಇನ್ನೂ ಐದು ಸುತ್ತು ಇದೆ ಅಂದ್ರೆ ನೌಕೆ ನಿಲ್ದಾಣಕ್ಕಿಂತ ಸುಮಾರು 10 ನಿಮಿಷ ಹಿಂದಿದೆ ಅಂತ ಅರ್ಥ. ಕೊನೆಯ ಎರಡು ಸುತ್ತಿನಲ್ಲಿ ನೌಕೆ ಮೇಲೇರುತ್ತಾ ಹೋಗುವುದರಿಂದ ಈ ಅಂಕಿಯನ್ನು ಸ್ವಲ್ಪ ಕಡಿಮೆ ಮಾಡಬೇಕು. ಎಷ್ಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಾನು ಬಹಳ ರಾತ್ರಿ ಕಳೆದಿದ್ದೇನೆ.

ಎಲ್ಲರೂ ಎಡವಿದ್ದು ಇದರ ಮುಂದಿನ ಹೆಜ್ಜೆಯಲ್ಲಿ. ನಿಲ್ದಾಣ ಹೋದ ದಾರಿಯಲ್ಲೇ ಹತ್ತು ನಿಮಿಷ ಬಿಟ್ಟು ನೌಕೆ ಬರುತ್ತದೆ ಅಂತ ಕ್ಯಾಮೆರಾವನ್ನು ಅಲ್ಲೇ ನೆಟ್ಟಿರುತ್ತಾರೆ. ಆದರೆ ಅಷ್ಟರಲ್ಲಿ ಭೂಮಿ ಪೂರ್ವಕ್ಕೆ ತಿರುಗಿರುತ್ತದೆ. ನಿಮಿಷಕ್ಕೆ ಕಾಲು ಡಿಗ್ರಿ ಅಂದ್ರೆ ಹತ್ತು ನಿಮಿಷಕ್ಕೆ ಎರಡೂವರೆ ಡಿಗ್ರಿ. ಸಮಭಾಜಕದ ಹತ್ತಿರ ಇದು ಸುಮಾರು 280 ಕಿ.ಮೀ. ಆಯ್ತು. ನಿಲ್ದಾಣ ನೆತ್ತಿಯ ಮೇಲೆ ಹೋಗಿದ್ದರೆ, 300 ಕಿ.ಮೀ. ಎತ್ತರದ ನೌಕೆ ಪಶ್ಚಿಮದ ಕಡೆ 50-55 ಡಿಗ್ರಿ ಎತ್ತರದಲ್ಲಿ ಹಾದುಹೋಗುತ್ತದೆ. ನೆತ್ತಿಗೆ ತಿರುಗಿಸಿದ 50 ಎಂಎಂ ಲೆನ್ಸಿಗೆ ಅದು ಸಿಗುವ ಮಾತೇ ಇಲ್ಲ.

ಪಶ್ಚಿಮಕ್ಕೆ ಸರಿಯುವುದರಿಂದ ಒಂದು ಲಾಭವೂ ಇದೆ. ಸಂಜೆ ಆ ಕಡೆಗೇ ಬಿಸಿಲು ಜಾಸ್ತಿ ಹೊತ್ತು ಇರುತ್ತದೆ. ಆದರೆ ನೌಕೆ ಕೆಳಗಿದ್ದಷ್ಟೂ ಭೂಮಿಯ ನೆರಳಿಗೆ ಬೇಗ ಬೀಳುತ್ತದೆ. 400 ಕಿ.ಮೀ. ಎತ್ತರದಲ್ಲಿ ನೆತ್ತಿಯ ಮೇಲಿರುವ ವಸ್ತುವಿಗೆ ಸೂರ್ಯ ದಿಗಂತದಿಂದ 20 ಡಿಗ್ರಿ ಕೆಳಗಿಳಿಯುವ ತನಕ ಬೆಳಕು ಬೀಳುತ್ತದೆ. 200 ಕಿ.ಮೀ.ಗೆ ಬಂದರೆ 14 ಡಿಗ್ರಿಗೇ ಕತ್ತಲು. ನನ್ನ ಎಷ್ಟೋ ಸಂಜೆಗಳು ಹಾಳಾಗಿದ್ದು ಇದರಿಂದಲೇ. ನಿಲ್ದಾಣ ಝಗ್ ಅಂತ ಹೊಳೆದು ಹೋಗುತ್ತಿತ್ತು, ಹಿಂದೆ ಬರುವ ಪ್ರೋಗ್ರೆಸ್ (ರಷ್ಯಾದ ಸರಕು ನೌಕೆ) ನೆರಳಲ್ಲೇ ದಾಟಿಬಿಡುತ್ತಿತ್ತು. ಈಗ ಸಂಜೆಯ ಮೊದಲ ಪಾಸ್ ಬಿಟ್ಟು ಬೇರೆ ಪಾಸಿಗೆ ನಾನು ಹೊರಗೆ ಹೋಗುವುದೇ ಇಲ್ಲ.

ಇನ್ನು ದುಡ್ಡಿನ ವಿಷಯ. ಆಕಾಶ ಪೂರ್ತಿ ಬರಲಿ ಅಂತ 14 ಎಂಎಂ, ಎಫ್ 2.8 ಲೆನ್ಸ್ ತಗೊಂಡೆ. ಒಂದು ತಿಂಗಳ ಸಂಬಳ ಹೋಯಿತು. ಜೊತೆಗೆ ಸ್ಟಾರ್ ಟ್ರ್ಯಾಕರ್. ಅದೂ ಸುಮಾರು ಅಷ್ಟೇ. ಈ ಕೆಲಸಕ್ಕೆ ಎರಡೂ ಬರಲಿಲ್ಲ. ಟ್ರ್ಯಾಕರ್ ನಕ್ಷತ್ರವನ್ನು ಹಿಂಬಾಲಿಸುತ್ತದೆಯೇ ಹೊರತು ನೌಕೆಯನ್ನಲ್ಲ. ಓಡುವ ಚುಕ್ಕಿಗೆ ಎಕ್ಸ್‌ಪೋಷರ್ ಎಷ್ಟು ಉದ್ದ ಮಾಡಿದರೂ ಗೆರೆ ಉದ್ದವಾಗುತ್ತದೆಯೇ ವಿನಾ ಬೆಳಗುವುದಿಲ್ಲ. ಬೆಳಗುವುದು ಹಿನ್ನೆಲೆಯ ಆಕಾಶ ಮಾತ್ರ. ಸೆಕೆಂಡ್‌ಹ್ಯಾಂಡ್ 50 ಎಂಎಂ, ಎಫ್ 1.8 ಲೆನ್ಸ್‌ನಲ್ಲಿ ಅದೇ ಗೆರೆ ಎಂಟೊಂಬತ್ತು ಪಟ್ಟು ಗಟ್ಟಿಯಾಗಿ ಬಂತು. ಅದಕ್ಕೆ ಕೊಟ್ಟಿದ್ದು ಮೊದಲಿನ ಲೆನ್ಸಿನ ಹತ್ತನೇ ಒಂದು ಭಾಗವೂ ಇರಲಿಲ್ಲ. ಟ್ರ್ಯಾಕರ್ ಮಾರಿದೆ, ಅರ್ಧ ದುಡ್ಡು ವಾಪಸ್ ಬಂತು.

ಕೊನೆಗೆ ಸಿಕ್ಕಿದ್ದು ಎರಡು ದಿನ ಓಡಿ ನಿಲ್ದಾಣ ಸೇರುವ ಒಂದು ಪ್ರೋಗ್ರೆಸ್. ನಿಲ್ದಾಣ ಹೋದ ಮೇಲೆ ಟ್ರೈಪಾಡ್ ಪಶ್ಚಿಮಕ್ಕೆ ತಿರುಗಿಸಿ, ಐಎಸ್‌ಒ 1600ಕ್ಕೆ ಇಟ್ಟು, ನಾಲ್ಕು ಸೆಕೆಂಡಿನ ಫ್ರೇಮುಗಳನ್ನು ಒಂದರ ಹಿಂದೊಂದು ಬಿಟ್ಟೆ. ಬರಿಗಣ್ಣಿಗೆ ಮೊದಲು ಏನೂ ಇಲ್ಲ. ಆಮೇಲೆ ಮೂರನೇ ದರ್ಜೆಯ ನಕ್ಷತ್ರದಷ್ಟು ಮಂಕಾದ ಚುಕ್ಕಿಯೊಂದು ಮಿನುಗದೆ ಮೇಲೆ ಬಂತು. ಏಳು ಮೀಟರಿನ ಚಿಲ್ಲರೆ ಉದ್ದದ, ಎರಡೂವರೆ ಟನ್‌ನಷ್ಟು ಇಂಧನ, ನೀರು, ಊಟ, ಬಟ್ಟೆ ಹೊತ್ತ ನೌಕೆ ಅದು, ಒಳಗೆ ಒಬ್ಬರೂ ಇಲ್ಲ. ಫ್ರೇಮುಗಳಲ್ಲಿ ಸಣ್ಣ ಬಿಳಿ ಗೆರೆ, ಒಂದರ ತುದಿಗೆ ಇನ್ನೊಂದು ಕೂಡಿಕೊಂಡಂತೆ. ನನ್ನ ಲೆಕ್ಕಕ್ಕೂ ಅದು ಬಂದ ಹೊತ್ತಿಗೂ ಅರ್ಧ ನಿಮಿಷದಷ್ಟು ವ್ಯತ್ಯಾಸ ಇತ್ತು, ಅಷ್ಟೇ. ಕಾಯಿ ಅಂದವರೇ ಈಗ ಪಾಸಿನ ಸಮಯ ಹಾಕಿಕೊಡು ಅಂತ ಕೇಳುತ್ತಾರೆ.

ನಡುವೆ ಇನ್ನೊಂದು ಪ್ರಯತ್ನವೂ ಮಾಡಿದೆ. ಎಂಟು ಇಂಚಿನ ಡಾಬ್ಸೋನಿಯನ್ ದೂರದರ್ಶಕವನ್ನು ಕೈಯಲ್ಲೇ ತಳ್ಳುತ್ತಾ ನಿಲ್ದಾಣದ ವಿಡಿಯೋ ತೆಗೆದೆ. ನಿಲ್ದಾಣದ ರಷ್ಯನ್ ಭಾಗವಾದ ಝ್ವೆಜ್ದಾದ ಹಿಂಬದಿಗೆ ಕೂತ ಪ್ರೋಗ್ರೆಸ್ ನೆತ್ತಿಯ ಮೇಲಿದ್ದಾಗಲೂ ಮೂರೂವರೆ, ನಾಲ್ಕು ಆರ್ಕ್‌ಸೆಕೆಂಡ್‌ಗಿಂತ (ಒಂದು ಆರ್ಕ್‌ಸೆಕೆಂಡ್ ಅಂದ್ರೆ ಡಿಗ್ರಿಯ 3600ನೇ ಒಂದು ಭಾಗ) ದೊಡ್ಡದಾಗಿ ಕಾಣುವುದಿಲ್ಲ. ಸಾವಿರಾರು ಫ್ರೇಮಿನಲ್ಲಿ ಚೆನ್ನಾಗಿರುವುದು ಬೆರಳೆಣಿಕೆ. ಆದರೂ ಒಂದರಲ್ಲಿ ತುದಿಯ ಗುಬುಟು ಬೇರೆಯಾಗಿ ಕಾಣುತ್ತದೆ. ಆ ಕಥೆ ಇನ್ನೊಮ್ಮೆ ಬರೆಯುತ್ತೇನೆ.

ಈ ವಿಧಾನ ಎಲ್ಲ ನೌಕೆಗೂ ಹೊಂದುವುದಿಲ್ಲ. 2020ರಲ್ಲಿ ಪ್ರೋಗ್ರೆಸ್ ಎಂಎಸ್-15 ಹಾರಿದ 3 ಗಂಟೆ 18 ನಿಮಿಷಕ್ಕೇ ನಿಲ್ದಾಣ ಸೇರಿತ್ತು. 2022ರಲ್ಲಿ ಚೀನಾದ ತಿಯಾನ್‌ಝೌ-5 ಸುಮಾರು ಎರಡೇ ಗಂಟೆಯಲ್ಲಿ ಆ ದೇಶದ ನಿಲ್ದಾಣ ತಿಯಾನ್‌ಗಾಂಗ್ ಮುಟ್ಟಿತು. ಅಷ್ಟು ಹೊತ್ತಿನಲ್ಲಿ ನಮ್ಮ ತಲೆಯ ಮೇಲೆ ಸರಿಯಾದ ಸಂಜೆ ಪಾಸ್ ಸಿಗುವುದು ಅದೃಷ್ಟ. ನಿಧಾನವಾಗಿ ಬರುವ ಪ್ರೋಗ್ರೆಸ್, ಅಮೆರಿಕದ ಸಿಗ್ನಸ್‌ಗಳೇ ನಮಗೆ ಒಳ್ಳೆಯದು. ಸಿಗ್ನಸ್‌ಗೆ ಡಾಕಿಂಗ್ ಬದಲು ನಿಲ್ದಾಣದ ರೋಬಾಟ್ ತೋಳು ಕೆನಡಾರ್ಮ್2 ಅದನ್ನು ಹಿಡಿಯುವ ಸಮಯ ತಗೊಳ್ಳಿ. ನಿಲ್ದಾಣ ಬಿಟ್ಟು ಹೊರಡುವ ನೌಕೆಗೆ ಲೆಕ್ಕ ತಿರುಗಾಮುರುಗಾ: ಕೆಳಗಿಳಿದು ಮುಂದೆ ಹೋಗುತ್ತದೆ, ನಿಲ್ದಾಣಕ್ಕಿಂತ ಮೊದಲು ಬರುತ್ತದೆ. ಆಗ ಕ್ಯಾಮೆರಾವನ್ನು ಪೂರ್ವಕ್ಕೆ ಸರಿಸಬೇಕು.